ಮೇಷ್ಟ್ರು ನಡೆಸಿದ ಪತ್ರಿಕೆ, ದಿವಾನರು ತಂದ ಕಾನೂನು: ತಾತಯ್ಯನವರ ಕಥೆ ನಮ್ಮ ಸೀಮೆಗೂ ಸೇರಿದ್ದು

ಮಂಡ್ಯ: ದಸರಾಕ್ಕೋ ಸ್ಕೂಲ್ ಟ್ರಿಪ್ಪಿಗೋ ಮೈಸೂರಿಗೆ ಹೋದ ನಮ್ಮ ಜಿಲ್ಲೆಯವರಲ್ಲಿ ಜಗನ್ಮೋಹನ ಅರಮನೆ ನೋಡಿದವರು ಬಹಳ ಮಂದಿ. ಅಲ್ಲಿ ಎಲ್ಲರಿಗೂ ನೆನಪಿರೋದು ಒಂದೇ ಚಿತ್ರ, ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳದ್ದು. ದೀಪ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ, ಬೆರಳ ಸಂದಿಯಲ್ಲಿ ಬೆಳಕು ಕೆಂಪಾಗಿ ಕಾಣುತ್ತೆ. ಬಹಳ ಜನ ಅದು ರವಿವರ್ಮನ ಚಿತ್ರ ಅಂದುಕೊಂಡಿದ್ದಾರೆ. ಅಲ್ಲ, ಅದನ್ನ ಬರೆದವರು ಎಸ್.ಎಲ್. ಹಲ್ದಂಕರ್. ರವಿವರ್ಮನ ಚಿತ್ರಗಳೂ ಅಲ್ಲಿವೆ, ಅವು ಬೇರೆ.

1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಅರಮನೆ ಚಿತ್ರಶಾಲೆ ಆಗಿದ್ದು 1915ರಲ್ಲಿ. ಅದಕ್ಕೂ ಮುಂಚೆ ಅದೇ ದರ್ಬಾರ್ ಹಾಲಿನಲ್ಲಿ ಸರ್ಕಾರದ ಸಭೆಗಳು ನಡೀತಿದ್ದವು. ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆ, ಅಂದ್ರೆ ಇವತ್ತಿನ ವಿಧಾನ ಪರಿಷತ್ತಿನ ಮೂಲ, 1907ರಲ್ಲಿ ಮೊದಲ ಸಲ ಸೇರಿದ್ದು ಅಲ್ಲೇ. ಅದರ ಮರುವರ್ಷವೇ ಸಂಸ್ಥಾನದಲ್ಲಿ ಒಂದು ಕಾನೂನು ಬಂತು. ಸರ್ಕಾರದ ಅಪ್ಪಣೆ ಇಲ್ಲದೆ ಯಾರೂ ಪತ್ರಿಕೆ ಹೊರಡಿಸೋ ಹಾಗಿಲ್ಲ ಅನ್ನೋ ಕಾನೂನು ಅದು.

ಆ ಕಾನೂನಿನ ಎದುರು ನಿಂತವರಲ್ಲಿ ಮುಖ್ಯರು ಒಬ್ಬ ಶಾಲಾ ಮೇಷ್ಟ್ರು. ಆಗ ಅವರಿಗೆ 64 ವರ್ಷ. ಹೆಸರು ಎಂ. ವೆಂಕಟಕೃಷ್ಣಯ್ಯ. ಊರೆಲ್ಲ ಕರೆಯುತ್ತಿದ್ದದ್ದು ತಾತಯ್ಯ ಅಂತ. ಮೈಸೂರಿನಲ್ಲಿ ಅವರ ಪ್ರತಿಮೆ ಇದೆ, ಪಕ್ಕದಲ್ಲೇ ಬಸ್ಸಿಗೆ ಓಡೋ ನಮ್ಮವರು ನೋಡಿರುತ್ತಾರೆ, ಯಾರು ಅಂತ ಕೇಳಿರೋದಿಲ್ಲ. ಅವರ ಬದುಕನ್ನ ಇವತ್ತು ಇಲ್ಲಿ ಹೇಳೋದಕ್ಕೆ ಕಾರಣ ಇದೆ. ಅವರು ಪತ್ರಿಕೆ ನಡೆಸಿದ ಕಾಲದಲ್ಲಿ ಮಂಡ್ಯ ಜಿಲ್ಲೆ ಅಂತಲೇ ಇರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ ಎಲ್ಲ ಮೈಸೂರು ಜಿಲ್ಲೆಯೊಳಗೇ ಇದ್ದವು. ನಮ್ಮದು ಬೇರೆ ಜಿಲ್ಲೆ ಆಗಿದ್ದು 1939ರ ಜುಲೈ 1ರಂದು, ಅವರು ತೀರಿಕೊಂಡ ಆರು ವರ್ಷಕ್ಕೆ. ಹಾಗಾಗಿ ತಾತಯ್ಯನವರು ನಮಗೆ ಪಕ್ಕದ ಜಿಲ್ಲೆಯವರಲ್ಲ, ನಮ್ಮ ಮುತ್ತಜ್ಜಂದಿರ ಜಿಲ್ಲೆಯವರೇ.

ಮಗ್ಗೆಯಿಂದ ಮರಿಮಲ್ಲಪ್ಪ ಶಾಲೆವರೆಗೆ

ವೆಂಕಟಕೃಷ್ಣಯ್ಯನವರು ಹುಟ್ಟಿದ್ದು 1844ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ. ಕಾಡಂಚಿನ ಊರು. ಸಿಂಹಾಸನದ ಮೇಲೆ ಮುಮ್ಮಡಿಯವರಿದ್ದರೂ ಆಡಳಿತ ಇಂಗ್ಲಿಷರ ಕಮಿಷನರ್ ಕೈಯಲ್ಲಿತ್ತು. 1831ರಲ್ಲಿ ಕೈ ತಪ್ಪಿದ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂದಿದ್ದು 1881ರ ಮಾರ್ಚ್ 25ರಂದು. ಅಂದ್ರೆ ತಾತಯ್ಯನವರ ಬಾಲ್ಯ, ಓದು, ಯೌವನ ಎಲ್ಲ ಕಳೆದಿದ್ದು ಕಮಿಷನರ್ ಕಾಲದಲ್ಲಿ. ರಾಜ್ಯ ಅರಸರಿಗೆ ವಾಪಸ್ ಬಂದಾಗ ಅವರಿಗೆ 37.

ಓದಿದ್ದು ಮೈಸೂರಿನಲ್ಲಿ, ಹಿಡಿದ ಕಸುಬು ಮೇಷ್ಟ್ರುಗಿರಿ. ಗುರಿಕಾರ್ ಮರಿಮಲ್ಲಪ್ಪನವರು ಬಿಟ್ಟುಹೋದ ಹಣದಿಂದ ಮೈಸೂರಿನಲ್ಲಿ ಶುರುವಾದ ಶಾಲೆ ಇವತ್ತಿಗೂ ನಡೀತಿದೆ. ಪಿಯುಸಿಗೆ ಅಂತ ನಮ್ಮ ತಾಲ್ಲೂಕುಗಳಿಂದ ಅಲ್ಲಿಗೆ ಸೇರೋ ಮಕ್ಕಳಿದ್ದಾರೆ. ಆ ಮರಿಮಲ್ಲಪ್ಪ ಶಾಲೆಯ ಹೆಡ್ ಮೇಷ್ಟ್ರಾಗಿ ವೆಂಕಟಕೃಷ್ಣಯ್ಯನವರು ಬಹಳ ಕಾಲ ಇದ್ದರು. ತಲೆಮಾರುಗಟ್ಟಲೆ ಹುಡುಗರು ಅವರ ಕೈಕೆಳಗೆ ಓದಿದರು. ತಾತಯ್ಯ ಅನ್ನೋ ಹೆಸರು ಸರ್ಕಾರ ಕೊಟ್ಟಿದ್ದಲ್ಲ, ಜನರ ಬಾಯಲ್ಲಿ ಹುಟ್ಟಿ ನಿಂತದ್ದು.

ಶಾಲೆಗೆ ಬರೋಕೆ ಮನಸ್ಸಿದ್ದರೂ ಊಟಕ್ಕಿಲ್ಲದ ಹುಡುಗರು ಆಗ ಬಹಳ. ಹಳ್ಳಿಯಿಂದ ಬಂದವನು ಪಟ್ಟಣದಲ್ಲಿ ಎಲ್ಲಿ ಮಲಗಬೇಕು, ಏನು ತಿನ್ನಬೇಕು? ವಾರಾನ್ನ ಹಚ್ಚಿಕೊಂಡು ದಿನಕ್ಕೊಂದು ಮನೆಯಲ್ಲಿ ಉಂಡು ಓದಬೇಕಿತ್ತು. ಇಂಥ ಮಕ್ಕಳಿಗಾಗಿ ತಾತಯ್ಯನವರು ಮೈಸೂರಿನಲ್ಲಿ ಅನಾಥಾಲಯ ಕಟ್ಟಿದರು. ಅದಕ್ಕೆ ಬೇಕಾದ ಹಣವನ್ನ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎತ್ತಿದ್ದು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ದಯಾಸಾಗರ ಅನ್ನೋ ಬಿರುದು ಕೊಟ್ಟರು. ಸರ್ಕಾರವನ್ನ ಟೀಕಿಸಿ ಬರೆಯೋ ಮನುಷ್ಯನಿಗೆ ಅರಮನೆಯಿಂದಲೇ ಬಿರುದು ಬಂತು ಅನ್ನೋದನ್ನ ಗಮನಿಸಬೇಕು. ಅವರ ಜಗಳ ಅರಮನೆ ಜೊತೆ ಇರಲಿಲ್ಲ. ದಿವಾನರ ಕಚೇರಿ ಜೊತೆ ಇತ್ತು.

ಒಬ್ಬ ಮೇಷ್ಟ್ರ ಕೈಯಲ್ಲಿ ಇಷ್ಟೊಂದು ಪತ್ರಿಕೆ

ಇವತ್ತು ಪತ್ರಿಕೆ ಮಾಲೀಕ ಅಂದ್ರೆ ದೊಡ್ಡ ಕಟ್ಟಡ, ದೊಡ್ಡ ಕಾರು, ಮಂತ್ರಿಗಳ ಜೊತೆ ಫೋಟೋ ಅಂತ ನಮ್ಮ ಕಣ್ಣ ಮುಂದೆ ಬರುತ್ತೆ. ಲೆಕ್ಕಕ್ಕೆ ಹೇಳೋದಾದ್ರೆ ತಾತಯ್ಯನವರೂ ಮಾಲೀಕರೇ. ಅವರ ಹೆಸರಿನ ಜೊತೆ ಸೇರಿಕೊಂಡಿರೋ ಪತ್ರಿಕೆಗಳ ಪಟ್ಟಿ ನೋಡಿ: 'ಹಿತಬೋಧಿನಿ', 'ವೃತ್ತಾಂತ ಚಿಂತಾಮಣಿ', 'ಸಾಧ್ವಿ', 'ಸಂಪದಭ್ಯುದಯ' ಕನ್ನಡದಲ್ಲಿ. 'ಮೈಸೂರ್ ಹೆರಾಲ್ಡ್', 'ಮೈಸೂರ್ ಪೇಟ್ರಿಯಟ್' ಇಂಗ್ಲಿಷಿನಲ್ಲಿ. ಆ ಕಾಲದ ಮೈಸೂರಿನಲ್ಲಿ ಒಬ್ಬರ ಕೈಯಲ್ಲಿ ಇಷ್ಟು ಪತ್ರಿಕೆ ಇದ್ದದ್ದು ಸಣ್ಣ ಮಾತಲ್ಲ. ಆದರೆ ಇದರಿಂದ ಅವರು ಸಾಹುಕಾರರಾಗಲಿಲ್ಲ. ಬಂದದ್ದು ಮುದ್ರಣಕ್ಕೆ, ಉಳಿದದ್ದು ಹುಡುಗರ ಊಟಕ್ಕೆ ಅನ್ನೋ ಹಾಗಿತ್ತು ಬದುಕು.

ಇವುಗಳಲ್ಲಿ 'ವೃತ್ತಾಂತ ಚಿಂತಾಮಣಿ' 1885ರಲ್ಲಿ ಶುರುವಾದದ್ದು. ಎರಡು ವರ್ಷಕ್ಕೆ, 1887ರಲ್ಲಿ, ಮೈಸೂರಿನ ವೆಸ್ಲಿಯನ್ ಮಿಷನ್ನಿನವರು 'ವೃತ್ತಾಂತ ಪತ್ರಿಕೆ' ಹೊರಡಿಸಿದರು. ಹೆಸರು ಹತ್ತಿರ ಇರೋದರಿಂದ ಎರಡನ್ನೂ ಒಂದೇ ಅಂದುಕೊಳ್ಳುವವರಿದ್ದಾರೆ, ಬೇರೆ ಬೇರೆ. ಮಿಷನ್ನಿನವರಿಗೆ ಸ್ವಂತ ಅಚ್ಚುಕೂಟ, ಹಿಂದೆ ಹಣ ಎರಡೂ ಇತ್ತು. ತಾತಯ್ಯನವರಿಗೆ ಇದ್ದದ್ದು ಚಂದಾದಾರರು.

ಪತ್ರಿಕೆ ತರೋದು ಆಗ ಎಂಥ ಕೆಲಸ ಅಂತ ಇವತ್ತಿನ ಮೊಬೈಲ್ ಹುಡುಗರಿಗೆ ಸ್ವಲ್ಪ ಹೇಳಬೇಕು. ಸೀಸದ ಅಚ್ಚುಮೊಳೆಗಳನ್ನ ಒಂದೊಂದಾಗಿ ಆರಿಸಿ ಸಾಲು ಜೋಡಿಸಬೇಕು. ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಇರೋದರಿಂದ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮನೆಗಳ ಮೊಳೆಪೆಟ್ಟಿಗೆ ಬೇಕು. ಪುಟ ಕಟ್ಟಿ, ಕರಡು ತೆಗೆದು, ತಪ್ಪು ತಿದ್ದಿ, ಒಂದೊಂದೇ ಹಾಳೆ ಒತ್ತಬೇಕು. ಅಚ್ಚಾದ ಮೇಲೆ ಅದೇ ಮೊಳೆಗಳನ್ನ ಬಿಚ್ಚಿ ಮತ್ತೆ ಪೆಟ್ಟಿಗೆಗೆ ಹಾಕಬೇಕು, ಇಲ್ಲದಿದ್ರೆ ಮುಂದಿನ ಸಂಚಿಕೆಗೆ ಅಕ್ಷರ ಇಲ್ಲ. ಆಮೇಲೆ ಮಡಚಿ, ವಿಳಾಸದ ಚೀಟಿ ಅಂಟಿಸಿ ಅಂಚೆಗೆ.

1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಓಡೋಕೆ ಶುರುವಾಗಿತ್ತು. ಮದ್ದೂರು, ಮಂಡ್ಯದ ಜನಕ್ಕೆ ಅಂಚೆಚೀಲ ರೈಲಿನಲ್ಲೇ ಬರೋ ಭಾಗ್ಯ. ಮದ್ದೂರು ವಡೆ ಹುಟ್ಟೋದಕ್ಕೆ ಇನ್ನೂ 35 ವರ್ಷ ಇತ್ತು, ಆದರೆ ಸ್ಟೇಷನ್ನಿನಲ್ಲಿ ಪತ್ರಿಕೆ ಇಳಿಯುತ್ತಿತ್ತು ಅಂತ ಇಟ್ಟುಕೊಳ್ಳಿ. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ, ಆಗಂತೂ ಸ್ಟೇಷನ್ನಿನಿಂದ ಮುಂದೆ ರಸ್ತೆಯೇ ಗತಿ. ಊರಲ್ಲಿ ಅಕ್ಷರ ಬಲ್ಲವರು ನಾಲ್ಕೈದು ಜನ ಇದ್ರೆ ಹೆಚ್ಚು. ಶಾನುಭೋಗರೋ, ಮೇಷ್ಟ್ರೋ, ದಿನಸಿ ಅಂಗಡಿಯವರೋ ಓದೋದು, ಜಗಲಿ ಮೇಲೆ ಕೂತವರು ಕೇಳೋದು. ಹಾಗಾಗಿ ಒಂದು ಪ್ರತಿ ಅಂದ್ರೆ ಒಬ್ಬ ಓದುಗ ಅಂತ ಲೆಕ್ಕ ಹಾಕೋ ಹಾಗಿಲ್ಲ.

ಅಂಗಡಿಯವರನ್ನೂ ಕರೆದಿದ್ದ ಸಭೆ

ತಾತಯ್ಯನವರ ಬದುಕಿನ ಇನ್ನೊಂದು ಅರ್ಧ ಪ್ರಜಾಪ್ರತಿನಿಧಿ ಸಭೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಅದು ಮೊದಲು ಸೇರಿತು. ಬಂದವರು 144 ಜನ. ಯಾರನ್ನ ಕಳಿಸಬೇಕು ಅಂತ ಸರ್ಕಾರ ಹೇಳಿತ್ತು ಗೊತ್ತಾ? ಪ್ರತಿ ತಾಲ್ಲೂಕಿನಿಂದ ಲೋಕಜ್ಞಾನ ಇರೋ, ಮಾತು ನಡೆಯೋ ಒಬ್ಬರೋ ಇಬ್ಬರೋ ರೈತರು, ಇಡೀ ಜಿಲ್ಲೆಯಿಂದ ಮೂರು ನಾಲ್ಕು ಮುಖ್ಯ ವರ್ತಕರು. ಅಂದ್ರೆ ಆ ಸಭೆ ಶುರುವಾಗಿದ್ದೇ ನೇಗಿಲು ಹಿಡಿದವರು ಮತ್ತು ತಕ್ಕಡಿ ಹಿಡಿದವರನ್ನ ನಂಬಿಕೊಂಡು. ಇಂಡಿಯಾದ ಬೇರೆ ಯಾವ ಸಂಸ್ಥಾನದಲ್ಲೂ ಆಗ ಇಂಥದ್ದು ಇರಲಿಲ್ಲ.

ದಸರಾ ಹೊತ್ತಿಗೆ ಸಭೆ. ತಾಲ್ಲೂಕಿನವರು ಜರಿಪೇಟ ಸುತ್ತಿಕೊಂಡು ಮೈಸೂರಿಗೆ ಹೋಗೋರು. ದಿವಾನರು ವರ್ಷದ ಲೆಕ್ಕ ಒಪ್ಪಿಸೋರು: ಮಳೆ ಎಷ್ಟು, ಕಂದಾಯ ಎಷ್ಟು, ರಸ್ತೆ ಎಷ್ಟು. ಆಮೇಲೆ ಸದಸ್ಯರು ತಮ್ಮ ತಮ್ಮ ಸೀಮೆಯ ಮನವಿ ಇಡೋರು. ಕೆರೆ ಹೂಳು, ಕಂದಾಯದ ಹೊರೆ, ಸೇತುವೆ ಇಲ್ಲದ ಹಳ್ಳ. ಆದರೆ ಒಂದು ಕೊರತೆ ಇತ್ತು. ಹೇಳಬಹುದು, ಓಟು ಹಾಕೋ ಹಾಗಿಲ್ಲ. ದಿವಾನರು ಕೇಳಿಸಿಕೊಂಡು ನೋಡೋಣ ಅಂದ್ರೆ ಅಲ್ಲಿಗೆ ಮುಗೀತು. 1891ರ ಹೊತ್ತಿಗೆ ಸದಸ್ಯರನ್ನ ಆರಿಸೋ ಪದ್ಧತಿ ಬಂತು, ಕಾನೂನಿನ ಬಲ ಮತ್ತು ಓಟಿನ ಹಕ್ಕು ಬಂದಿದ್ದು 1923ರಲ್ಲಿ.

ಪತ್ರಿಕೆಯ ಬೆಲೆ ಇಲ್ಲೇ ಅರ್ಥ ಆಗೋದು. ಸಭೆ ಸೇರೋದು ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಅಮಲ್ದಾರರ ಮೇಲೆ ಒಂದು ಮಾತು ಹೇಳಬೇಕಾದ್ರೆ ಎಲ್ಲಿ ಹೇಳೋದು? ಅಮಲ್ದಾರರಿಗೇ ಅರ್ಜಿ ಕೊಟ್ಟರೆ ಅದು ಅಲ್ಲೇ ಕೂರುತ್ತೆ. ಮೇಲಿನವರಿಗೆ ಕೊಟ್ಟರೆ ವಿಚಾರಣೆಗೆ ಅಂತ ಸುತ್ತಿ ಸುತ್ತಿ ಅದೇ ಅಮಲ್ದಾರರ ಮೇಜಿಗೆ ಬರುತ್ತೆ. ಪತ್ರಿಕೆಗೆ ಕಾಗದ ಬರೆದರೆ ಮಾತ್ರ ಊರಿಗೂ ಗೊತ್ತಾಗುತ್ತೆ, ದಿವಾನರಿಗೂ ಗೊತ್ತಾಗುತ್ತೆ. ತಾತಯ್ಯನವರು ಸಭೆಯ ಸದಸ್ಯರೂ ಹೌದು, ಪತ್ರಿಕೆ ಸಂಪಾದಕರೂ ಹೌದು. ಸಭೆಯಲ್ಲಿ ಉತ್ತರ ಸಿಗದ ಪ್ರಶ್ನೆ ಪತ್ರಿಕೆಗೆ ಬರಬಹುದಿತ್ತು, ಪತ್ರಿಕೆಯಲ್ಲಿ ಬಂದ ದೂರು ಸಭೆಗೆ ಹೋಗಬಹುದಿತ್ತು. ಈ ಎರಡು ಬಾಗಿಲು ಒಬ್ಬರ ಕೈಯಲ್ಲೇ ಇದ್ದದ್ದು ಅಧಿಕಾರದಲ್ಲಿದ್ದವರಿಗೆ ಕಿರಿಕಿರಿ.

ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಅವರ ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ 1901ರವರೆಗೆ ದಿವಾನರಾಗಿದ್ದರು. ದೊಡ್ಡ ಕೆಲಸಗಾರರು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸೋ ಯೋಜನೆ ಅವರ ಕಾಲದ್ದೇ. 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಆದರೆ ದೊಡ್ಡ ಹುದ್ದೆಗಳೆಲ್ಲ ಮದರಾಸು ಕಡೆಯಿಂದ ಬಂದವರಿಗೇ ಹೋಗ್ತವೆ, ಇಲ್ಲಿನ ಓದಿದ ಹುಡುಗರಿಗೆ ಗುಮಾಸ್ತಗಿರಿ ಮಾತ್ರ ಅನ್ನೋ ಅಸಮಾಧಾನ ಸಂಸ್ಥಾನದಲ್ಲಿ ಬೆಳೀತಾ ಇತ್ತು. ಮೈಸೂರಿನ ಕೆಲಸ ಮೈಸೂರಿನವರಿಗೆ ಸಿಗಬೇಕು ಅನ್ನೋ ಕೂಗಿಗೆ ತಾತಯ್ಯನವರ ಪತ್ರಿಕೆಗಳು ದನಿ ಕೊಟ್ಟವು. ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರಿಗೆ ಆ ಹುಡುಗರ ಕೆಲಸದ ಚಿಂತೆ ಇರೋದು ಸಹಜ ಅಲ್ವಾ.

1908: ಅಪ್ಪಣೆ ಇಲ್ಲದೆ ಅಚ್ಚಿಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. 1905ರಲ್ಲಿ ಬಂಗಾಳ ಒಡೆದ ಮೇಲೆ ದೇಶದಲ್ಲಿ ಸ್ವದೇಶಿ ಚಳವಳಿ ಎದ್ದಿತು. ಇಂಗ್ಲಿಷರಿಗೆ ಪತ್ರಿಕೆಗಳ ಮೇಲೆ ಕಣ್ಣು ಬಿತ್ತು. 1908ರಲ್ಲಿ 'ಕೇಸರಿ'ಯ ಬರಹಕ್ಕಾಗಿ ಬಾಲಗಂಗಾಧರ ತಿಲಕರಿಗೆ ಆರು ವರ್ಷ ಶಿಕ್ಷೆಯಾಗಿ ಬರ್ಮಾದ ಮಂಡಾಲೆಗೆ ಕಳಿಸಿದರು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಪತ್ರಿಕೆಗಳನ್ನ ಬಿಗಿ ಹಿಡಿಯೋ ಕಾನೂನು ಬಂತು.

ಮೈಸೂರಿನಲ್ಲಿ ಆಗ ದಿವಾನರು ವಿ.ಪಿ. ಮಾಧವರಾವ್. ಇಲ್ಲಿ ಬಾಂಬೂ ಇರಲಿಲ್ಲ, ದಂಗೆಯೂ ಇರಲಿಲ್ಲ. ಆದರೂ 1908ರಲ್ಲಿ ವೃತ್ತಪತ್ರಿಕೆಗಳ ಕಾನೂನು ಬಂತು. ಅದರ ಸಾರ ಇಷ್ಟು: ಸರ್ಕಾರದ ಅನುಮತಿ ಪಡೆಯದೆ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅನುಮತಿಯನ್ನ ಸರ್ಕಾರ ವಾಪಸ್ ತಗೋಬಹುದು. ತಗೊಂಡಾಗ ಕೋರ್ಟಿಗೆ ಹೋಗಿ ನ್ಯಾಯ ಕೇಳೋ ದಾರಿ ಇಲ್ಲ.

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥ ಆಗುತ್ತೆ. ಲೈಸೆನ್ಸ್ ಕೊಡೋನು, ಲೈಸೆನ್ಸ್ ಕಿತ್ಕೊಳ್ಳೋನು, ನಿಮ್ಮ ತಪ್ಪು ತೀರ್ಮಾನ ಮಾಡೋನು ಮೂವರೂ ಒಬ್ಬನೇ ಆದ್ರೆ ನೀವು ತೂಕ ಸರಿ ಇಟ್ಟಿದ್ರೂ ಪ್ರಯೋಜನ ಇಲ್ಲ. ಅವನ ಮುಖ ನೋಡ್ಕೊಂಡೇ ವ್ಯಾಪಾರ ಮಾಡಬೇಕು. ಪತ್ರಿಕೆಗೂ ಅದೇ ಗತಿ. ಕಾನೂನು ಒಂದು ಸಲವೂ ಬಳಸದೆ ಕಪಾಟಿನಲ್ಲಿ ಇಟ್ಟರೂ ಸಾಕು, ಸಂಪಾದಕ ಪ್ರತಿ ಸಾಲು ಬರೆಯುವಾಗಲೂ ಕಪಾಟಿನ ಕಡೆ ನೋಡುತ್ತಾನೆ.

ಸರ್ಕಾರದ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಪತ್ರಿಕೆಗಳೆಲ್ಲ ಶುದ್ಧವಾಗಿರಲಿಲ್ಲ. ಅಧಿಕಾರಿಗಳ ಮನೆ ವಿಷಯ, ಚಾಡಿ, ವೈಯಕ್ತಿಕ ದ್ವೇಷ ಅಚ್ಚು ಹಾಕುವವರೂ ಇದ್ದರು. ಅದಕ್ಕೆ ಕಡಿವಾಣ ಬೇಕು ಅನ್ನೋದು ಸರ್ಕಾರದ ವಾದ. ಆದರೆ ಮಾನನಷ್ಟಕ್ಕೆ ಆಗಲೂ ಕೋರ್ಟ್ ಇತ್ತು. ಕಳ್ಳ ಒಬ್ಬ ಇದ್ದಾನೆ ಅಂತ ಸಂತೆಯನ್ನೇ ಮುಚ್ಚಿಸೋದು ಯಾವ ನ್ಯಾಯ? ಪತ್ರಿಕೆಯವರು ಹೇಳಿದ್ದು ಅದೇ. ತಪ್ಪು ಬರೆದರೆ ಕೋರ್ಟಿನಲ್ಲಿ ನಿಲ್ಲಿಸಿ, ಬರೆಯೋದಕ್ಕೆ ಮುಂಚೆಯೇ ಕೈ ಹಿಡಿಯಬೇಡಿ.

ತಾತಯ್ಯನವರು ಈ ಕಾನೂನನ್ನ ಖಂಡಿಸಿದರು. ಅರವತ್ತು ದಾಟಿದ ವಯಸ್ಸು, ಅನಾಥಾಲಯಕ್ಕೆ ದಿನಾ ಹಣ ಬೇಕು, ಸರ್ಕಾರದವರ ಜೊತೆ ಮುಖ ಕೆಡಿಸಿಕೊಂಡರೆ ದಾನ ಕೊಡುವವರೂ ಹಿಂದೆ ಸರಿಯಬಹುದು. ಸುಮ್ಮನಿರೋಕೆ ಬೇಕಾದಷ್ಟು ಕಾರಣ ಇತ್ತು. ಸುಮ್ಮನಿರಲಿಲ್ಲ. ಕಾನೂನು ಬಂದೇ ಬಂತು. ಸಂಸ್ಥಾನದಲ್ಲಿ ಹಲವು ಪತ್ರಿಕೆಗಳು ನಿಂತವು. ಕೆಲವರು ಕಸುಬೇ ಬಿಟ್ಟರು. ಓದುವವರಿಗೆ ಆದ ನಷ್ಟವನ್ನ ಯಾರೂ ಲೆಕ್ಕ ಬರೆದಿಡಲಿಲ್ಲ, ಯಾಕಂದ್ರೆ ಅಚ್ಚಾಗದೇ ಹೋದ ಕಾಗದಕ್ಕೆ ಲೆಕ್ಕ ಇರೋದಿಲ್ಲ.

ಕಥೆಗೆ ಒಂದು ತಿರುವೂ ಇದೆ. ಕಾನೂನು ತಂದ ಮಾಧವರಾವ್ 1909ರಲ್ಲಿ ದಿವಾನಗಿರಿ ಬಿಟ್ಟರು. ಬರೋಡಾದಲ್ಲೂ ದಿವಾನರಾಗಿ, ಆಮೇಲೆ ಅವರೇ ಕಾಂಗ್ರೆಸ್ ರಾಜಕಾರಣಕ್ಕೆ ಬಂದು ಸ್ವರಾಜ್ಯದ ಪರ ನಿಂತರು. ಅವರು ಹೋದರೂ ಮೈಸೂರಿನಲ್ಲಿ ಕಾನೂನು ಉಳಿಯಿತು. ತಂದವರು ಬದಲಾಗ್ತಾರೆ, ತಂದ ಕಾನೂನು ಮುಂದಿನವರ ಕೈಗೆ ಸಿಕ್ಕಿರುತ್ತೆ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೂ ಅದು ಇತ್ತು. ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ವಿಶ್ವೇಶ್ವರಯ್ಯನವರ ಫೋಟೋ ಇದೆ, ಕನ್ನಂಬಾಡಿ ನೀರು ಕುಡಿದವರು ನಾವು, ಇರಲೇಬೇಕು. ಆದರೆ ಅವರ ಕಾಲದಲ್ಲೇ ಡಿ.ವಿ. ಗುಂಡಪ್ಪನವರಂಥವರು ಪತ್ರಿಕಾ ಕಾನೂನಿನ ವಿರುದ್ಧ ವಾದ ಮಾಡಬೇಕಾಯ್ತು ಅನ್ನೋದೂ ಚರಿತ್ರೆಯೇ. 1913ರಲ್ಲಿ 'ಕರ್ನಾಟಕ' ಪತ್ರಿಕೆ ಶುರು ಮಾಡಿದ ಡಿವಿಜಿ, ತಾತಯ್ಯನವರು ಹಿಡಿದ ದಾರಿಯಲ್ಲೇ ಮುಂದೆ ನಡೆದವರು.

ಅವರ ಕಣ್ಣಿಗೆ ಬೀಳದೆ ಉಳಿದದ್ದು

ದೊಡ್ಡವರ ಬಗ್ಗೆ ಬರೆಯುವಾಗ ಬರೀ ಹೂವಿನ ಹಾರ ಹಾಕಿದರೆ ಓದುಗರಿಗೆ ಮೋಸ. ತಾತಯ್ಯನವರ ಕಾಲದ ಪತ್ರಿಕೆಗಳಿಗೆ ಒಂದು ಮಿತಿ ಇತ್ತು. ನಡೆಸುವವರು, ಬರೆಯುವವರು ಬಹುಪಾಲು ಪಟ್ಟಣದ ಓದಿದ ಜನ, ಹೆಚ್ಚಿನವರು ಬ್ರಾಹ್ಮಣರು. ಮೈಸೂರಿನವರಿಗೆ ಕೆಲಸ ಕೊಡಿ ಅಂದಾಗ ಮೈಸೂರಿನವರು ಅಂದ್ರೆ ಯಾರು ಅನ್ನೋ ಪ್ರಶ್ನೆಯನ್ನ ಹೊಲದವರು ಕೇಳಲೇಬೇಕಾಯ್ತು. 1906ರಲ್ಲಿ ಒಕ್ಕಲಿಗರ ಸಂಘ ಆಯ್ತು, ಮರುವರ್ಷ ಸಂಘದ್ದೇ 'ಒಕ್ಕಲಿಗರ ಪತ್ರಿಕೆ' ಬಂತು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡಿಸಲು 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು. ನಮ್ಮ ಮಂಡ್ಯ ಸೀಮೆಯ ದನಿ ಗಟ್ಟಿಯಾಗಿ ಕೇಳಿದ್ದು ಈ ಎರಡನೇ ಸಾಲಿನಲ್ಲಿ.

ಆದರೂ ಒಂದು ಮಾತು ನಿಜ. ಎರಡನೇ ಸಾಲಿನವರು ಪತ್ರಿಕೆ ಅನ್ನೋ ಆಯುಧ ಎತ್ತಿಕೊಂಡಾಗ ಅದು ಹೊಸದಾಗಿರಲಿಲ್ಲ. ಮೊದಲು ಹಿಡಿದು ತೋರಿಸಿದವರು ತಾತಯ್ಯನವರಂಥ ಮೇಷ್ಟ್ರುಗಳು. ಇರ್ವಿನ್ ನಾಲೆ, ಅಂದ್ರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ ಬಂದಾಗ ಅದರ ನೀರಿಗೆ ಹಾಕಿದ ಹೊರೆಯ ವಿರುದ್ಧ 1930ರ ದಶಕದ ಶುರುವಿನಲ್ಲಿ ಇಲ್ಲಿನ ರೈತರು ಎದ್ದರು. ಮುಂದೆ ನಿಂತವರಲ್ಲಿ ಮದ್ದೂರು ಕಡೆಯ ಎಚ್.ಕೆ. ವೀರಣ್ಣಗೌಡರೂ ಒಬ್ಬರು. 'ಚಿತ್ರಗುಪ್ತ' ಪತ್ರಿಕೆಯ ಸಂಪಾದಕರೂ ಅವರೇ. ರೈತರ ಮುಂದಾಳು ಪತ್ರಿಕೆಯವನೂ ಆಗಿರೋದು ಕಾಕತಾಳೀಯ ಅಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿಸಿದಾಗ ಅದು ಸಂಸ್ಥಾನದ ಮೂಲೆಮೂಲೆಗೂ ತಲುಪಿದ್ದು ಬರೀ ಬಾಯಿಮಾತಿನಿಂದ ಅಲ್ಲ.

ಕೊನೆಯ ವರ್ಷಗಳು

ಪತ್ರಿಕೆಯ ಜೊತೆಗೇ ತಾತಯ್ಯನವರು ಪುಸ್ತಕಗಳನ್ನೂ ಬರೆದರು. ಗುಲಾಮಗಿರಿಯಲ್ಲಿ ಹುಟ್ಟಿ ಕರಿಯರಿಗಾಗಿ ಶಾಲೆ ಕಟ್ಟಿದ ಅಮೆರಿಕದ ಬೂಕರ್ ಟಿ. ವಾಷಿಂಗ್ಟನ್ನರ ಚರಿತ್ರೆಯನ್ನ ಕನ್ನಡಕ್ಕೆ ತಂದರು. ಬಡ ಹುಡುಗರ ಅನಾಥಾಲಯ ನಡೆಸೋ ಮೇಷ್ಟ್ರಿಗೆ ಆ ಬದುಕು ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ. 1922ರಲ್ಲಿ ದಾವಣಗೆರೆಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಆಗ ವಯಸ್ಸು 78. 1974, 1994, ಮತ್ತೆ 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಮ್ಮೇಳನ ನಡೆದಾಗ ಊಟದ ಸಾಲಿನಲ್ಲಿ ನಿಂತ ನಾವೆಲ್ಲ ಅದೇ ಪರಂಪರೆಯವರು.

ವಯಸ್ಸಾದ ಮೇಲೂ ಪತ್ರಿಕೆಗಳ ಕಷ್ಟ ತೀರಲಿಲ್ಲ. 1928ರಲ್ಲಿ ಬೆಂಗಳೂರಿನ ಗಣಪತಿ ಗಲಾಟೆ ಆಯ್ತು. ದಿವಾನರು ಮಿರ್ಜಾ ಇಸ್ಮಾಯಿಲ್. 'ವೀರಕೇಸರಿ'ಯ ಸೀತಾರಾಮ ಶಾಸ್ತ್ರಿಗಳು ಜೈಲು ಕಂಡರು. ಅದೇ 1928ರಲ್ಲಿ ಬಾಗಲಕೋಟೆಯಲ್ಲಿ ಡಿವಿಜಿ ಅಧ್ಯಕ್ಷತೆಯಲ್ಲಿ ಪತ್ರಕರ್ತರ ಸಮ್ಮೇಳನ ಸೇರಿತು. ಒಬ್ಬಂಟಿ ಮೇಷ್ಟ್ರು ಎತ್ತಿದ್ದ ಮಾತನ್ನ ಈಗ ಒಂದು ಗುಂಪೇ ಹೇಳೋ ಕಾಲ ಬಂದಿತ್ತು.

ತಾತಯ್ಯನವರು ತೀರಿಕೊಂಡದ್ದು 1933ರಲ್ಲಿ, 89ನೇ ವಯಸ್ಸಿನಲ್ಲಿ. ಅದೇ ವರ್ಷ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆ ಆಯ್ತು. ಒಣಭೂಮಿಯಾಗಿದ್ದ ನಮ್ಮ ಸೀಮೆ ಕಬ್ಬಿನ ಸೀಮೆ ಆಗೋ ಹೊತ್ತಿಗೆ ಅವರು ಹೊರಟುಹೋದರು. ಅವರ 'ಸಾಧ್ವಿ'ಯನ್ನ ಮುಂದೆ ಅಗರಂ ರಂಗಯ್ಯನವರು ನಡೆಸಿಕೊಂಡು ಹೋದರು. ಅನಾಥಾಲಯದ ಹುಡುಗರು ಓದಿ ಎಲ್ಲೆಲ್ಲೋ ಕೆಲಸಕ್ಕೆ ಸೇರಿದರು.

ಇವತ್ತಿಗೆ ಇದು ಯಾಕೆ

1908ರ ಕಾನೂನು ಇವತ್ತಿಲ್ಲ. ನಮ್ಮಂಥ ತಾಲ್ಲೂಕು ಮಟ್ಟದ ಸುದ್ದಿತಾಣ ನಡೆಸೋಕೆ ಅಚ್ಚುಮೊಳೆಯೂ ಬೇಡ, ಅಂಚೆಚೀಲವೂ ಬೇಡ. ಹಾಗಂತ ಕಪಾಟು ಖಾಲಿ ಆಗಿದೆ ಅಂದುಕೊಳ್ಳಬೇಡಿ. ಚರಂಡಿ ಕಾಮಗಾರಿಯ ಫೋಟೋ ಹಾಕಿದ ಅರ್ಧ ಗಂಟೆಗೆ ತೆಗೀರಿ ಅಂತ ಫೋನ್ ಬಂದದ್ದಿದೆ. ತೆಗೆಯದಿದ್ದಾಗ ಹಬ್ಬದ ಜಾಹೀರಾತು ಕೈಬಿಟ್ಟುಹೋದದ್ದೂ ಇದೆ. ಯಾರು ಅಂತ ಇಲ್ಲಿ ಬೇಡ. ಅದು ನಮ್ಮ ಗೋಳು, ದಿನಾ ಇರೋದೇ. ನಮಗೆ ಹೆಚ್ಚು ಬೇಜಾರಾಗೋದು ಇನ್ನೊಂದಕ್ಕೆ. ದೂರು ಹೇಳುವವರು ಬಹಳ ಜನ, ಹೆಸರು ಹಾಕಿ ಅಂದ್ರೆ ಹಿಂದೆ ಸರಿಯುವವರೂ ಅಷ್ಟೇ ಜನ. ಅವರನ್ನ ದೂರೋಕೂ ಆಗಲ್ಲ. ಅಂಗಡಿ ಬಾಗಿಲು ಅದೇ ಬೀದಿಯಲ್ಲಿ ತೆಗೀಬೇಕಲ್ಲ.

ನೂರು ವರ್ಷದ ಹಿಂದೆ ತಾಲ್ಲೂಕಿನ ಒಬ್ಬ ರೈತ, ಒಬ್ಬ ವರ್ತಕ ಪೇಟ ಸುತ್ತಿಕೊಂಡು ಮೈಸೂರಿಗೆ ಹೋಗಿ ದಿವಾನರ ಎದುರು ಎದ್ದು ನಿಂತು ನಮ್ಮ ಕೆರೆ ಒಡೆದಿದೆ ಸ್ವಾಮಿ ಅಂತ ಹೇಳುತ್ತಿದ್ದರು. ಓಟಿಲ್ಲ, ಅಧಿಕಾರ ಇಲ್ಲ, ಆದರೂ ಹೇಳುತ್ತಿದ್ದರು. ಅವರ ಪಕ್ಕದಲ್ಲಿ ಅದನ್ನ ಕೇಳಿಸಿಕೊಂಡು, ಅಚ್ಚು ಹಾಕಬಲ್ಲ ಒಬ್ಬ ಮೇಷ್ಟ್ರು ಕೂತಿರುತ್ತಿದ್ದರು. ಅವರಿಗೆ ಧೈರ್ಯ ಬಂದದ್ದರಲ್ಲಿ ಅದರ ಪಾಲೂ ಇದ್ದಿರಬೇಕು.

ಮುಂದಿನ ಸಲ ಮಕ್ಕಳನ್ನ ಕರಕೊಂಡು ಜಗನ್ಮೋಹನ ಅರಮನೆಗೆ ಹೋದಾಗ ದೀಪದ ಹೆಣ್ಣುಮಗಳನ್ನ ನೋಡಿ, ಫೋಟೋಗೆ ಬಿಡದಿದ್ರೆ ಕಣ್ಣು ತುಂಬಾ ನೋಡಿ. ಆಮೇಲೆ ದರ್ಬಾರ್ ಹಾಲಿನಲ್ಲಿ ಎರಡು ನಿಮಿಷ ನಿಂತು, ಇಲ್ಲೇ ಸಂಸ್ಥಾನದ ಕಾನೂನು ಸಭೆ ಮೊದಲು ಸೇರಿದ್ದು, ಅದರ ಮರುವರ್ಷ ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು, ಬೇಡ ಅಂದವರಲ್ಲಿ ಮಗ್ಗೆಯ ಒಬ್ಬ ಮೇಷ್ಟ್ರು ಇದ್ದರು ಅಂತ ಮಕ್ಕಳಿಗೆ ಹೇಳಿ.

ನಿಮ್ಮ ಬೀದಿಯ ದೂರು ಇದ್ರೆ ಬರೆದು ಕಳಿಸಿ. ಹೆಸರು ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದು. ಬರೆಯೋದನ್ನ ಮಾತ್ರ ಬಿಡಬೇಡಿ.